ಉಪ್ಪು ದಾಟಿಸುವವಳು

ಮಾರ್ಚ್ ೪

ಇರುವೆಗೆ,

ಕಾಗದ ನೋಡಿ ಗಾಬರಿಯಾಗಬೇಡ. ಕೆಟ್ಟ ಸುದ್ದಿಯಾಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಅಮ್ಮನ ಕಾನೂನು ನನಗೂ ನೆನಪಿದೆ. ದೊಡ್ಡಮ್ಮ ತೀರಿಕೊಂಡ ಸುದ್ದಿ ಅಮ್ಮನಿಗೆ ಕಾಗದದಲ್ಲಿ ಬಂತು, ಮನೆಯಲ್ಲಿ ಒಬ್ಬಳೇ ಇದ್ದಳು, ಓದಿದವಳು ಬಾಗಿಲಲ್ಲೇ ಬಿದ್ದಳು. ಆವತ್ತಿನಿಂದ ಸಾಯುವವರೆಗೂ ಒಂದೇ ಮಾತು: "ಕೆಟ್ಟ ಸುದ್ದಿ ಹೇಳೋರು ಎದುರಿಗೆ ಬಂದು ಹೇಳ್ಬೇಕು. ಬಿದ್ದೋರನ್ನ ಹಿಡ್ಕೊಳ್ಳೋಕೆ ಕೈ ಬೇಕು. ಕಾಗದಕ್ಕೆ ಕೈ ಇಲ್ಲ." ಅಪ್ಪನಿಗೆ ಕೊನೆಗಾಲ ಬಂದಾಗ ಅವಳು ನಿನ್ನ ಹಾಸ್ಟೆಲಿಗೆ ಹಾಕಿದ ಕಾಗದದಲ್ಲಿ ಏನಿತ್ತು? ಅಡುಗೆಮನೆಯ ನಲ್ಲಿ ರಿಪೇರಿಯಾಯಿತು, ಎದುರು ಮನೆಯವರು ಬಣ್ಣ ಹೊಡೆಸಿದರು, ಒಮ್ಮೆ ಬಂದು ಹೋಗು. ಅಷ್ಟೇ. ಆ ಕೊನೆಯ ಮಾತು ಓದಿ ನೀನು ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದ್ದೆ.

ನಾನು ನಿನ್ನನ್ನು ಬಾ ಎನ್ನುತ್ತಿಲ್ಲ, ಗಮನಿಸು. ಹಾಗಾಗಿ ಎಲ್ಲ ಸರಿಯಿದೆ.

ವಿಷಯ ಇಷ್ಟೇ. ಹೋದ ವರ್ಷ ಕಾರ್ಖಾನೆಯಲ್ಲಿ ಹಸಿ ಚರ್ಮದ ಅಟ್ಟಿ ಎಳೆಯುವ ಕೊಕ್ಕೆ ಜಾರಿ ನನ್ನ ಎಡಗಾಲಿಗೆ ಹೊಡೆದಿತ್ತಲ್ಲ, ಮೊಣಕಾಲಿಗಿಂತ ಕೆಳಗೆ? ಆ ಗಾಯ ಮೇಲೆ ಮಾಗಿ ಒಳಗೆ ಮಾಗಲಿಲ್ಲ. ಎಲುಬಿನೊಳಗೆ ಯಾವುದೋ ಕ್ರಿಮಿ ಬಿಡಾರ ಹೂಡಿದೆಯಂತೆ. ಆಸ್ಪತ್ರೆಯಲ್ಲಿ ಮಂಚ ಕೊಟ್ಟಿದ್ದಾರೆ. ಹಾಕಿದ ಔಷಧಿಗೆಲ್ಲ ಅದು ಕ್ಯಾರೇ ಅನ್ನುತ್ತಿಲ್ಲ. ನಾನು ಅದನ್ನು ಬಾಡಿಗೆದಾರ ಎಂದು ಕರೆಯುತ್ತೇನೆ. ನೋಟಿಸ್ ಕೊಟ್ಟರೂ ಖಾಲಿ ಮಾಡದವನು.

ಫೋನು ಮಾಡಬೇಡ. ಈಚೆಗೆ ನನಗೆ ಕಿವಿ ಕೇಳಿಸುವುದಿಲ್ಲ. ಕಾರ್ಖಾನೆಯಲ್ಲಿ ಚರ್ಮ ತಿರುಗಿಸುವ ಪೀಪಾಯಿಗಳ ಗಡಗಡ ಇಷ್ಟು ವರ್ಷ ಕೇಳಿದೆನಲ್ಲ, ಅದರ ಫಲ. ನೀನು ಬರೆ, ನಾನು ಓದುತ್ತೇನೆ. ಇಲ್ಲಿ ಮಲಗಿಕೊಂಡು ಬೇರೆ ಕೆಲಸವೇನಿದೆ? ನಿನ್ನ ಅತ್ತಿಗೆ ದಿನವೂ ಬಂದು ನನ್ನನ್ನು ಬೈದು ಹೋಗುತ್ತಾಳೆ. ಅದು ಕೇಳಿಸದಿರುವುದು ಒಂದು ಲಾಭ.

ಅಣ್ಣ

&nbsp;

ಮಾರ್ಚ್ ೧೫

ಅಣ್ಣ,

ನಿನಗೆ ತಲೆ ನೆಟ್ಟಗಿದೆಯಾ? ಹೋದ ವರ್ಷದ ಗಾಯ, ಈಗ ಹೇಳುತ್ತಿದ್ದೀಯ. ನಾನು ಇಡೀ ದಿನ ಮಾಡುವುದೇ ಕ್ರಿಮಿ ಕೊಲ್ಲುವ ಕೆಲಸ. ಊರಿಗೆಲ್ಲ "ನನ್ನ ತಂಗಿ ದೊಡ್ಡ ಲ್ಯಾಬಿನಲ್ಲಿದ್ದಾಳೆ" ಎಂದು ಹೇಳಿಕೊಂಡು ಓಡಾಡುತ್ತೀಯ, ಆ ತಂಗಿಗೆ ಒಂದು ಮಾತು ಬರೆಯಲು ಕೈಗೆ ಏನಾಗಿತ್ತು?

ಬರುತ್ತೇನೆ ಎಂದು ಬರೆಯಲು ಹೋದೆ. ಪೆನ್ನು ಅಲ್ಲೇ ನಿಂತಿತು. ನಾನು ಬರುತ್ತೇನೆ ಎಂದರೆ ನೀನು ಏನೇನೋ ಅರ್ಥ ಮಾಡಿಕೊಳ್ಳುತ್ತೀಯ. ನಮ್ಮಮ್ಮ ಒಳ್ಳೆಯ ಕಾನೂನು ಮಾಡಿಟ್ಟು ಹೋದಳು, ಒಬ್ಬರ ಮನೆಗೆ ಒಬ್ಬರು ನೆಮ್ಮದಿಯಾಗಿ ಹೋಗುವ ಹಾಗಿಲ್ಲ.

ಸರಿ, ಕೇಳು. ನಿನ್ನ ಬಾಡಿಗೆದಾರನನ್ನು ನನಗೆ ಕಳಿಸು. ತಮಾಷೆಯಲ್ಲ. ಗಾಯದಿಂದ ತೆಗೆದ ಕ್ರಿಮಿಯನ್ನು ಆಸ್ಪತ್ರೆಯ ಲ್ಯಾಬಿನವರು ಬೆಳೆಸಿ ಇಟ್ಟಿರುತ್ತಾರೆ. ಜೊತೆಗಿರುವ ಪತ್ರವನ್ನು ನಿಮ್ಮ ದೊಡ್ಡ ಡಾಕ್ಟರಿಗೆ ಕೊಡು. ನಮ್ಮ ಸಂಶೋಧನೆ ನೋಡಿಕೊಳ್ಳುವ ಗೈಡ್ ಸಹಿ ಹಾಕಿದ್ದಾರೆ.

ನಾವು ಮಾಡುವುದೇನೆಂದು ನೀನು ಪ್ರತಿ ಸಲ ಕೇಳಿ ಪ್ರತಿ ಸಲ ಮರೆಯುತ್ತೀಯ. ಈ ಸಲ ನಿನ್ನ ಭಾಷೆಯಲ್ಲೇ ಹೇಳುತ್ತೇನೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ ತಾನೇ? ಕ್ರಿಮಿಯ ಗೋಡೆ ಅಂಥದೇ ಒಂದು ಎಣ್ಣೆಯ ಪದರ. ನೀರಿನಲ್ಲಿ ಉಪ್ಪು ಒಡೆದು ಕಣಗಳಾಗುತ್ತದೆ, ಆ ಕಣಗಳು ತಾವಾಗಿ ಆ ಪದರ ದಾಟಲಾರವು. ಒಳಗೆ ಎಷ್ಟಿರಬೇಕು, ಹೊರಗೆ ಎಷ್ಟಿರಬೇಕು ಎಂದು ಕ್ರಿಮಿ ಬಲು ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಅದರ ಜೀವವೇ ಆ ಲೆಕ್ಕದಲ್ಲಿದೆ. ನಾವು ಪುಟ್ಟ ಅಣುಗಳನ್ನು ಕಟ್ಟುತ್ತೇವೆ. ಅವು ಉಪ್ಪಿನ ಕಣವನ್ನು ಅಪ್ಪಿಕೊಂಡು, ಎಣ್ಣೆಯೊಳಗೆ ನುಸುಳಿ, ಆಚೆ ಇಳಿಸಿ, ಬರಿಗೈಯಲ್ಲಿ ಈಚೆ ಬಂದು ಮತ್ತೆ ಹೊರುತ್ತವೆ. ಹಮಾಲಿ ಕೆಲಸ. ಒಳಗಿನ ಲೆಕ್ಕವೆಲ್ಲ ಕೆಟ್ಟು ಕ್ರಿಮಿ ಸಾಯುತ್ತದೆ. ಬೇರೆ ಔಷಧಿಗಳು ಬಾಗಿಲಿನ ಬೀಗ ತೆಗೆದು ಒಳಗೆ ಹೋಗುವಂಥವು, ಕ್ರಿಮಿ ಬೀಗ ಬದಲಾಯಿಸಿ ಕೂರುತ್ತದೆ. ನಮ್ಮ ಹಮಾಲಿ ಬಾಗಿಲ ಹತ್ತಿರ ಹೋಗುವುದೇ ಇಲ್ಲ.

ಅತ್ತಿಗೆ ಹೇಳಿದ ಹಾಗೆ ಕೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇರುವೆ

&nbsp;

ಮಾರ್ಚ್ ೨೯

ಇರುವೆಗೆ,

ಬಾಡಿಗೆದಾರ ಮಂಜುಗಡ್ಡೆಯ ಡಬ್ಬಿಯಲ್ಲಿ ಕೂತು ಹೊರಟಿದ್ದಾನೆ. ನಾನೇ ಇನ್ನೂ ನೋಡದ ನಿನ್ನ ಲ್ಯಾಬನ್ನು ಅವನು ನೋಡುತ್ತಾನೆ. ಅಣ್ಣನಿಗಿಲ್ಲದ ಭಾಗ್ಯ.

ಹಮಾಲಿ ಕತೆ ಚೆನ್ನಾಗಿದೆ. ಅತ್ತಿಗೆಗೂ ಓದಿ ಹೇಳಿದೆ. "ಉಪ್ಪು ಹೊತ್ತು ಹೊತ್ತು ನಿಮ್ಮ ಜೀವ ತೇದೋಯ್ತು, ಈಗ ತಂಗಿ ಕೈಲೂ ಅದನ್ನೇ ಹೊರಿಸ್ತಿದೀರಾ" ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ನಾವು ಹಸಿ ಚರ್ಮಕ್ಕೆ ಉಪ್ಪು ಎರಚುವುದು ಕೊಳೆಯದೆ ಇರಲಿ ಎಂದು. ನೀನೂ ಅದನ್ನೇ ಮಾಡುತ್ತಿದ್ದೀಯ, ಬಿಳಿ ಕೋಟು ಹಾಕಿಕೊಂಡು. ಮನೆತನದ ಕಸುಬು ಎಲ್ಲಿಗೆ ಹೋಗುತ್ತದೆ?

ಇಲ್ಲಿ ಎಲ್ಲರೂ ಒಳ್ಳೆಯವರು. ಪಕ್ಕದ ಮಂಚದಲ್ಲಿ ಒಬ್ಬರು ಬಸ್ ಡ್ರೈವರ್ ಇದ್ದರು, ಕಾಲಿನದೇ ತೊಂದರೆ. ಆಪರೇಷನ್ ಆಯಿತು, ಗುಣವಾಯಿತು, ಮೊನ್ನೆ ನಗುನಗುತ್ತಾ ಮನೆಗೆ ಹೋದರು. ಒಂದು ಚಪ್ಪಲಿ ಮಾತ್ರ ಮಂಚದ ಕೆಳಗೇ ಬಿಟ್ಟು ಹೋಗಿದ್ದಾರೆ. ಕಸ ಗುಡಿಸುವಾಕೆ ಅದನ್ನು ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯ ಮೇಲೆ ಇಟ್ಟಿದ್ದಾಳೆ. ನಾನು ದಿನವೂ ಅದನ್ನು ನೋಡುತ್ತಿರುತ್ತೇನೆ.

ನೀನು ಬರಬೇಡ. ನೀನು ಅಲ್ಲೇ ಇದ್ದರೆ ನನಗೆ ಧೈರ್ಯ.

ಅಣ್ಣ

&nbsp;

ಏಪ್ರಿಲ್ ೨೦

ಅಣ್ಣ,

ಕೂತಿದ್ದೀಯಾ? ಕೂತು ಓದು. ಒಳ್ಳೆಯ ಸುದ್ದಿಗೂ ಬೀಳುವವರಿದ್ದಾರೆ.

ನಿನ್ನ ಬಾಡಿಗೆದಾರ ಬಂದ ದಿನ ಅವನ ನಳಿಕೆಯ ಮೇಲೆ ಚೀಟಿ ಅಂಟಿಸಬೇಕಿತ್ತು. ಏನು ಬರೆಯಬೇಕೆಂದು ತೋಚದೆ "ಅಣ್ಣ" ಎಂದು ಬರೆದೆ. ಅಲ್ಲಿಂದ ಇಡೀ ಲ್ಯಾಬಿಗೆ ನೀನು ಅಣ್ಣ. "ಅಣ್ಣ ಚೆನ್ನಾಗಿ ಬೆಳೆದಿದ್ದಾನೆ", "ಅಣ್ಣನ್ನ ಫ್ರೀಜರಿಗೆ ಹಾಕಿದ್ಯಾ?" ಇದೇ ಮಾತು. ನನ್ನ ಪಕ್ಕದ ಮೇಜಿನಲ್ಲಿ ಒಬ್ಬನಿದ್ದಾನೆ, ದಪ್ಪ ಗಾಜಿನ ಕನ್ನಡಕದವನು. ಕ್ರಿಮಿಗಳ ಪರೀಕ್ಷೆ ಅವನದು, ಅಣು ಕಟ್ಟುವುದು ನನ್ನದು. ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲು ಸಾಲು ಗುಳಿಗಳು, ಎಲ್ಲದರಲ್ಲೂ ನಿನ್ನ ಕ್ರಿಮಿ, ಒಂದೊಂದು ಸಾಲಿಗೆ ಒಂದೊಂದು ಹಮಾಲಿ. ಕ್ರಿಮಿ ಬದುಕಿದ್ದರೆ ಗುಳಿ ಮಜ್ಜಿಗೆ ನೀರಿನ ಹಾಗೆ ಕದಡಿರುತ್ತದೆ, ಸತ್ತರೆ ತಿಳಿ.

ಇವತ್ತು ಬೆಳಗ್ಗೆ ತಟ್ಟೆ ತೆಗೆದರೆ ಒಂದು ಸಾಲು ಈ ತುದಿಯಿಂದ ಆ ತುದಿವರೆಗೆ ತಿಳಿ. ನಾನು ಚಳಿಗಾಲವಿಡೀ ಕೂತು ಕಟ್ಟಿದ ಹಮಾಲಿ ಅದು. ಯಾವ ಔಷಧಿಗೂ ಜಗ್ಗದ ನಿನ್ನ ಬಾಡಿಗೆದಾರ ಅದರ ಒಂದು ಚಿಟಿಕೆಗೆ ಸತ್ತುಬಿದ್ದಿದ್ದ. ಕನ್ನಡಕದವನು ತಟ್ಟೆ ಎತ್ತಿ ಹಿಡಿದು "ಅಣ್ಣ ಸತ್ತ, ಅಣ್ಣ ಸತ್ತ" ಎಂದು ಕೂಗಿಕೊಂಡು ಕಾರಿಡಾರಿನಲ್ಲಿ ಓಡಿದ. ನನಗೆ ಎಲ್ಲಿತ್ತೋ ಸಿಟ್ಟು. ನಾಲಿಗೆ ಕಚ್ಚಿಕೋ ಎಂದು ಬೈದೆ. ನಳಿಕೆಗಳ ಮೇಲಿನ ಚೀಟಿಯೆಲ್ಲ ಕಿತ್ತು "ಬಾಡಿಗೆದಾರ" ಎಂದು ಹೊಸದಾಗಿ ಅಂಟಿಸಿದೆ. ಪಾಪ, ಅವನು ಆಮೇಲೆ ಟೀ ತಂದುಕೊಟ್ಟ.

ಇನ್ನು ಸ್ವಲ್ಪ ಕೆಲಸ ಇದೆ. ಆದರೆ ಆಗುತ್ತದೆ ಅಣ್ಣ. ನನಗೆ ಅನ್ನಿಸುತ್ತಿದೆ, ಆಗುತ್ತದೆ.

ಇರುವೆ

&nbsp;

ಏಪ್ರಿಲ್ ೨೭

ನನ್ನ ಬಂಗಾರದ ಇರುವೆ,

ನಿನ್ನ ಕಾಗದವನ್ನು ವಾರ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ನರ್ಸಮ್ಮ ಓದಿದರು, ಊಟದ ಗಾಡಿಯವರು ಓದಿದರು. ದೊಡ್ಡ ಡಾಕ್ಟರು ಮಾತ್ರ ಎರಡು ಸಲ ಓದಿ, ಮಡಿಸಿ, ವಾಪಸು ಕೈಗೆ ಕೊಟ್ಟರು. ಅವರದು ಯಾವಾಗಲೂ ಉಮ್ಮೆನ್ನುವ ಮುಖ. ಬೇರೆಯವರ ಔಷಧಿ ಗೆದ್ದರೆ ಡಾಕ್ಟರಿಗೆ ಹೊಟ್ಟೆಯುರಿ ಇರುವುದು ಸಹಜ.

ಅದೇ ದಿನ ಅವರು ಪೆನ್ನು ತೆಗೆದು ನನ್ನ ಮೊಣಕಾಲಿನ ಸ್ವಲ್ಪ ಕೆಳಗೆ ಸುತ್ತಲೂ ಒಂದು ಗೆರೆ ಎಳೆದರು. ಏನೋ ಅಳತೆಯಂತೆ. ಅವರ ತೃಪ್ತಿಗೆ ಎಳೆದುಕೊಳ್ಳಲಿ.

ನಿನ್ನ ಔಷಧಿ ಮಾತ್ರೆಯೋ ಇಂಜೆಕ್ಷನ್ನೋ? ಮಾತ್ರೆಯಾದರೆ ಒಳ್ಳೆಯದು, ನನ್ನ ಕೈಯಲ್ಲಿ ಚುಚ್ಚಲು ಜಾಗ ಉಳಿದಿಲ್ಲ. ಮಳೆ ಹಿಡಿಯುವ ಮುಂಚೆ ಬಂದರೆ ಸಾಕು. ಮಳೆಗಾಲದಲ್ಲಿ ಚರ್ಮ ಬೇಗ ಕೆಡುತ್ತದೆ, ನಾನಿಲ್ಲದಿದ್ದರೆ ಉಪ್ಪಿನ ಕೋಣೆಯಲ್ಲಿ ಹುಡುಗರು ಕೈಗೆ ಬಂದಷ್ಟು ಎರಚಿ ಹಾಳುಮಾಡುತ್ತಾರೆ. ಅಲ್ಲಿ ಕೂತು ಮಾಡುವ ಕೆಲಸ ಒಂದೂ ಇಲ್ಲ ಇರುವೆ. ಎಲ್ಲ ನಿಂತೇ ಮಾಡಬೇಕು, ಎರಡು ಕಾಲು ಊರಿ, ಸೊಂಟ ತಿರುಗಿಸಿ, ಉಪ್ಪು ಬೀಸಬೇಕು. ನಿನಗೆ ಗೊತ್ತು, ನಾನು ಬೇರೇನೂ ಕಲಿತಿಲ್ಲ.

ನೀನು ಬರುವ ಯೋಚನೆ ಮಾಡಬೇಡ. ಬಂದರೆ ಕೆಲಸ ನಿಲ್ಲುತ್ತದೆ. ನಾನು ಕಾಯುತ್ತೇನೆ, ನನಗೇನು ಅವಸರ?

ಅಣ್ಣ

&nbsp;

ಮೇ ೩೦

ಅಣ್ಣ,

ಉತ್ತರ ತಡವಾಯಿತು. ಕೆಲಸ ಜಾಸ್ತಿ.

ಮಾತ್ರೆಯೋ ಇಂಜೆಕ್ಷನ್ನೋ ಎಂದು ಈಗಲೇ ಹೇಳಲಾಗುವುದಿಲ್ಲ. ಈ ತಿಂಗಳು ರಕ್ತದ ಪರೀಕ್ಷೆ ನಡೆಯಿತು. ನನ್ನದೇ ರಕ್ತ ಕೊಟ್ಟೆ. ರಕ್ತದ ಕಣಗಳನ್ನು ಉಪ್ಪುನೀರಿನಲ್ಲಿ ತೇಲಿಸಿ ಹಮಾಲಿಯನ್ನು ಬಿಟ್ಟೆವು. ನೋಡನೋಡುತ್ತಲೇ ನಳಿಕೆ ಪೂರ್ತಿ ಕೆಂಪಾಯಿತು, ದಾಳಿಂಬೆ ರಸದ ಹಾಗೆ, ಆಚೆ ಹಿಡಿದ ಬೆರಳು ಕಾಣುವಂಥ ಕೆಂಪು. ಹಮಾಲಿ ಬಲು ಚುರುಕು. ಗೈಡ್ ಕೂಡ ಅದನ್ನೇ ಹೇಳಿದರು.

ನಿನ್ನ ಕಾಲಿನ ಮೇಲೆ ಗೆರೆ ಎಳೆದಿದ್ದು ಊತ ಅಳೆಯಲು ಇರಬೇಕು ಎಂದು ಕನ್ನಡಕದವನು ಹೇಳಿದ. ಊತ ಆ ಗೆರೆ ದಾಟದಿದ್ದರೆ ಒಳ್ಳೆಯದಂತೆ. ದಾಟಿಲ್ಲ ತಾನೇ? ಆ ಡ್ರೈವರ್ ಹಾಗೆ ನೀನೂ ಬೇಗ ಗುಣವಾಗಿ ಮನೆಗೆ ಹೋಗಬೇಕು.

ಡಾಕ್ಟರು ಹೇಳಿದ್ದನ್ನು ಕೇಳು. ನನ್ನ ಕಾಗದಕ್ಕಿಂತ ಅವರ ಮಾತು ಮುಖ್ಯ.

ಇಲ್ಲಿ ಸೆಕೆ ಕಡಿಮೆಯಾಗಿದೆ. ನನಗೆ ಹೊಸ ಕುರ್ಚಿ ಕೊಟ್ಟಿದ್ದಾರೆ.

ಇರುವೆ

&nbsp;

ಜೂನ್ ೮

ಇರುವೆಗೆ,

ಊತ ಗೆರೆ ದಾಟುವ ಪ್ರಶ್ನೆಯೇ ಇಲ್ಲ. ಈಗ ಗೆರೆಯೇ ಇಲ್ಲ.

ನಳಿಕೆ ಕೆಂಪಾಯಿತು ಎಂದು ಓದಿ ಕಣ್ಣು ತುಂಬಿತು. ರಕ್ತದಲ್ಲಿ ಹಮಾಲಿ ಹಿಡಿಯಿತು ಎಂದಾಯಿತಲ್ಲ. ಗೈಡೂ ಮೆಚ್ಚಿದರು ಎನ್ನುತ್ತೀಯ. ಇನ್ನೇನು ಬೇಕು? ನೀನು ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿಗೆ ಎಷ್ಟು ಬಿಗಿಯಾಗಿ ಮುಚ್ಚಳ ಹಾಕಿದರೂ ಒಳಗೆ ಕೈಹಾಕುತ್ತಿದ್ದೆ. ಅದಕ್ಕೇ ಅಲ್ಲವೇ ನಿನಗೆ ಈ ಹೆಸರು ಬಂದಿದ್ದು? ಕ್ರಿಮಿಯ ಗೋಡೆ ನಿನಗೆ ಯಾವ ಲೆಕ್ಕ?

ಉಪ್ಪಿನ ಕೋಣೆಯವರು ನನ್ನನ್ನು ನೋಡಲು ಬಂದಿದ್ದರು. ಎಲ್ಲ ಸೇರಿ ಒಂದು ಜೊತೆ ಬೂಟು ಹೊಲಿಸಿ ತಂದಿದ್ದಾರೆ. ನಾನೇ ಉಪ್ಪು ಹಾಕಿದ್ದ ಚರ್ಮವಂತೆ, ಗುರುತು ಹಿಡಿದು ಎತ್ತಿಟ್ಟಿದ್ದರಂತೆ. ಎಂಥ ಮೃದು ಗೊತ್ತಾ? ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ನಿನ್ನ ಔಷಧಿ ಬಂದ ಮೇಲೆ ಹಾಕಿಕೊಂಡು ನಿನ್ನ ಲ್ಯಾಬಿಗೆ ನಡೆದುಕೊಂಡು ಬರುತ್ತೇನೆ.

ಅಕ್ಷರ ಸೊಟ್ಟ ಬಂದಿದೆ. ಫ್ಯಾನಿನ ಗಾಳಿಗೆ ಕಾಗದ ಹಾರುತ್ತದೆ.

ಅಣ್ಣ

&nbsp;

(ಅದೇ ಹಾಳೆಯ ಹಿಂಬದಿಯಲ್ಲಿ)

ನೋಡಮ್ಮ, ಇವರು ಅಂಚೆಗೆ ಹಾಕು ಎಂದು ಕೊಟ್ಟರು, ನಾನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಕಾನೂನು ನಿಮಗಿರಲಿ. ನಾನು ಹೊರಗಿನಿಂದ ಬಂದವಳು, ನನಗೆ ಅದು ಅರ್ಥವಾಗಿಲ್ಲ, ಆಗುವುದೂ ಬೇಡ.

ಆ ಗೆರೆ ಊತಕ್ಕಲ್ಲ. ಕಾಲು ಅಲ್ಲಿಗೆ ಕತ್ತರಿಸಬೇಕು ಎಂದು ಎಳೆದದ್ದು. ಇವರು ಸೋಪು ಹಾಕಿ ತೊಳೆದರು. ಡಾಕ್ಟರು ಮತ್ತೆ ಎಳೆದರು, ಮತ್ತೆ ತೊಳೆದರು. ಈಗ ಡಾಕ್ಟರು ಗೆರೆಯನ್ನು ಮೊಣಕಾಲಿನ ಮೇಲಕ್ಕೆ ತಂದಿದ್ದಾರೆ, ಅದನ್ನೂ ತೊಳೆದಾಯಿತು. ಸಹಿ ಹಾಕಿ ಎಂದರೆ ನಿನ್ನ ಕಾಗದ ತೋರಿಸುತ್ತಾರೆ. "ನನ್ನ ತಂಗಿ ಔಷಧಿ ಮಾಡ್ತಿದಾಳೆ, ಸ್ವಲ್ಪ ತಡೀರಿ" ಅಂತಾರೆ. ಆ ಡ್ರೈವರ್ ಚಪ್ಪಲಿ ಮರೆತು ಹೋಗಿದ್ದಲ್ಲ, ಅವರಿಗೆ ಅದು ಬೇಕಾಗಿರಲಿಲ್ಲ. ಕಿವಿ ಹೋಗಿದ್ದು ಪೀಪಾಯಿ ಸದ್ದಿಗಲ್ಲ, ಇಲ್ಲಿಯ ಇಂಜೆಕ್ಷನ್ನಿಗೆ. ಅಕ್ಷರ ಸೊಟ್ಟ ಬಂದಿದ್ದು ಜ್ವರಕ್ಕೆ. ಇಲ್ಲಿ ಫ್ಯಾನೇ ಇಲ್ಲ.

ಇಬ್ಬರ ಕಾಗದವನ್ನೂ ನಾನು ಓದುತ್ತೇನೆ. ಒಂದರಲ್ಲೂ ಒಂದು ಕೆಟ್ಟ ಮಾತಿಲ್ಲ. ಹಾಗಿದ್ದರೆ ಇವರ ಮಂಚದ ಹತ್ತಿರ ನಿಲ್ಲಲಾಗದಷ್ಟು ವಾಸನೆ ಯಾಕೆ? ನಿನ್ನ ಔಷಧಿ ಬರುತ್ತದೋ ಇಲ್ಲವೋ, ಒಂದು ಮಾತು ಹೇಳು. ಫೋನಿನಲ್ಲಾದರೂ ಹೇಳು.

ಅತ್ತಿಗೆ

&nbsp;

ಜೂನ್ ೧೩

ಅಣ್ಣ,

ಇದನ್ನು ಒಬ್ಬನೇ ಓದಬೇಡ. ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈ ಹಿಡಿದುಕೊಂಡು ಓದು. ಕಾಗದಕ್ಕೆ ಕೈ ಇಲ್ಲ, ಅವರಿಗಿದೆ.

ಅತ್ತಿಗೆಗೆ ಫೋನು ಮಾಡಿದ್ದೆ. ಎಲ್ಲ ಹೇಳಿದೆ. "ನಾನು ಹೇಳಿದ್ರೆ ನಂಬಲ್ಲ. ನಿನ್ನ ಅಕ್ಷರ ಕಂಡ್ರೆ ಮಾತ್ರ ನಂಬ್ತಾರೆ, ಬರೆದು ಕಳಿಸು" ಎಂದರು. ಹೊರಟು ಬರೋಣವೆಂದು ಚೀಲ ಕಟ್ಟಿದೆ, ಬಿಚ್ಚಿದೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ನೀನು ಎಲ್ಲ ಮುಗಿಯಿತು ಎಂದುಕೊಳ್ಳುತ್ತೀಯ. ಆಮೇಲೆ ಕಾಲು ಕೊಡು ಎಂದರೆ ಯಾಕೆ ಕೊಡುತ್ತೀಯ? ಮುಗಿದಿಲ್ಲ ಅಣ್ಣ. ಅದಕ್ಕೇ ಬರದೆ ಬರೆಯುತ್ತಿದ್ದೇನೆ. ಇದು ಅಮ್ಮನ ಕಾನೂನಿಗೆ ವಿರುದ್ಧ. ಅಮ್ಮ ಬೈದುಕೊಳ್ಳಲಿ.

ಔಷಧಿ ಬರುವುದಿಲ್ಲ.

ನಳಿಕೆ ಕೆಂಪಾಯಿತು ಎಂದು ಬರೆದಿದ್ದೆನಲ್ಲ. ರಕ್ತದ ಕಣಗಳು ಗಟ್ಟಿಮುಟ್ಟಾಗಿದ್ದರೆ ತಳಕ್ಕೆ ಇಳಿದು ಕೂರುತ್ತವೆ, ಮೇಲಿನ ನೀರು ತಿಳಿಯಾಗಿರುತ್ತದೆ. ಪೂರ್ತಿ ಕೆಂಪಾಯಿತು ಎಂದರೆ ಒಂದು ಕಣವೂ ಉಳಿಯಲಿಲ್ಲ ಎಂದು ಅರ್ಥ. ನನ್ನ ರಕ್ತವೆಲ್ಲ ಒಡೆದುಹೋಗಿತ್ತು. ನಮ್ಮ ಮೈಯ ಕಣಗಳ ಗೋಡೆಯೂ ಎಣ್ಣೆಯದೇ. ನನ್ನ ಹಮಾಲಿಗೆ ಕ್ರಿಮಿಯ ಗೋಡೆ ಯಾವುದು, ನನ್ನ ಅಣ್ಣನ ಗೋಡೆ ಯಾವುದು ಎಂದು ಗೊತ್ತಾಗುವುದಿಲ್ಲ. ಸಿಕ್ಕಲ್ಲೆಲ್ಲ ಹೊತ್ತು ಹಾಕುತ್ತದೆ. ಅದನ್ನು ನಿನ್ನ ಮೈಗೆ ಕೊಟ್ಟರೆ ಬಾಡಿಗೆದಾರನಿಗಿಂತ ಮೊದಲು ನೀನು ಹೋಗುತ್ತೀಯ. ಗೈಡ್ ಆ ಕೆಲಸ ನಿಲ್ಲಿಸಿದ್ದಾರೆ. ಹಮಾಲಿ ಚುರುಕು ಎಂದು ಅವರು ಹೇಳಿದ್ದು ನಿಜ, ಹೊಗಳಿ ಹೇಳಿದ್ದಲ್ಲ.

ಎರಡನ್ನೂ ಬೇರೆ ಬೇರೆ ಗುರುತಿಸುವ ಹಮಾಲಿಯನ್ನು ಕಟ್ಟಬಹುದು. ಕಟ್ಟುತ್ತೇವೆ. ಆದರೆ ತಟ್ಟೆಯಲ್ಲಿ ಕ್ರಿಮಿ ಸಾಯುವುದಕ್ಕೂ ಮನುಷ್ಯನಿಗೆ ಔಷಧಿ ಕೊಡುವುದಕ್ಕೂ ನಡುವೆ ವರ್ಷಗಳೇ ಇವೆ. ಇದು ನನಗೆ ಏಪ್ರಿಲ್ಲಿನಲ್ಲೂ ಗೊತ್ತಿತ್ತು. ನೀನು ಮಳೆಗೆ ಮುಂಚೆ ಬರುತ್ತದಾ ಎಂದು ಕೇಳಿದಾಗ ಇಲ್ಲ ಎನ್ನುವ ಒಂದು ಪದ ಬರೆಯಲು ನನ್ನ ಕೈ ಏಳಲಿಲ್ಲ. ಕೆಂಪಾಯಿತು ಎಂದು ಬರೆದು, ಸುಳ್ಳಂತೂ ಹೇಳಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನೀನೂ ಅದೇ ಮಾಡಿದೆ, ಒಂದು ಚಪ್ಪಲಿ ಅಂತೆ, ಅಳತೆಯ ಗೆರೆ ಅಂತೆ. ನನಗೆ ನಿನ್ನ ಮೇಲೆ ಸಿಟ್ಟು ಬರುತ್ತಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಕಾಲು ಕೊಟ್ಟುಬಿಡು ಅಣ್ಣ. ಡಾಕ್ಟರು ಎಲ್ಲಿ ಗೆರೆ ಎಳೆದಿದ್ದಾರೋ ಅಲ್ಲಿಗೆ ಕೊಡು. ಕೂತು ಮಾಡುವ ಕೆಲಸ ಕಾರ್ಖಾನೆಯಲ್ಲಿ ಇಲ್ಲದಿದ್ದರೆ ಕಾರ್ಖಾನೆ ಹಾಳಾಗಿ ಹೋಗಲಿ. ನಮ್ಮ ಲ್ಯಾಬಿನಲ್ಲಿ ನಾವೆಲ್ಲ ಕೂತೇ ಕೆಲಸ ಮಾಡುವುದು. ನಿನ್ನನ್ನು ನನ್ನ ಹೊಸ ಕುರ್ಚಿಯಲ್ಲಿ ಕೂರಿಸುತ್ತೇನೆ. ನೀನು ಬದುಕಿರಬೇಕು, ಅಷ್ಟೇ. ನಾನು ಬೇರೇನೂ ಕೇಳುತ್ತಿಲ್ಲ.

ಇವತ್ತೇ ಸಹಿ ಹಾಕು.

ಇರುವೆ

&nbsp;

ಜೂನ್ ೨೮

ಅಣ್ಣ,

ಉತ್ತರ ಬರಲಿಲ್ಲ. ಆಪರೇಷನ್ ಆಯಿತು ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಹೇಗಿದ್ದಾನೆ ಎಂದರೆ "ಮಲಗಿದಾರೆ" ಅಂದರು. ಮತ್ತೆ ಕೇಳಿದರೆ "ನಿಮ್ಮಣ್ಣನೇ ಬರೀತಾರಂತೆ, ನಾನು ಹೇಳಬಾರದಂತೆ" ಎಂದು ಇಟ್ಟುಬಿಟ್ಟರು. ಅಷ್ಟು ಖಾರವಾಗಿ ಮಾತಾಡುವವರು, ಈಗ ಅವರೂ ನಮ್ಮ ಮನೆಯವರಾಗಿಬಿಟ್ಟರಾ?

ನೀನು ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಎಂದು ಬರೆ. ಬೈದು ಬರೆ. ಏನಾದರೂ ಬರೆ.

ಇರುವೆ

&nbsp;

ಜುಲೈ ೪

ಇರುವೆಗೆ,

ಸಿಟ್ಟೇನೂ ಇಲ್ಲ, ಹುಚ್ಚಿ. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ, ಅದಕ್ಕೆ ತಡ. ಈ ಕಾಗದವನ್ನೂ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ. ಅತ್ತಿಗೆ ಬರೆದುಕೊಡುತ್ತೇನೆ ಎಂದಳು, ನಾನು ಬಿಡಲಿಲ್ಲ.

ನಿನ್ನ ಕಾಗದವನ್ನು ನೀನು ಹೇಳಿದ ಹಾಗೆಯೇ ಅವಳ ಕೈ ಹಿಡಿದುಕೊಂಡು ಓದಿದೆ. ಆವತ್ತೇ ಸಹಿ ಹಾಕಿದೆ. ಎಡಗಾಲು ಹೋಯಿತು. ಅದು ಹೋದ ಮೇಲೆ ವಾಸನೆಯೂ ಹೋಯಿತು, ಅತ್ತಿಗೆ ಈಗ ಹತ್ತಿರವೇ ಕೂರುತ್ತಾಳೆ. ಬೈಯುವುದನ್ನು ಬಿಟ್ಟಿದ್ದಾಳೆ. ಬಲಗಾಲಿನ ಬೂಟನ್ನು ಹಾಕಿ ನೋಡಿದಳು, ಹೇಳಿ ಮಾಡಿಸಿದ ಹಾಗಿದೆ. ಇನ್ನೊಂದನ್ನು ಎಲ್ಲಿಟ್ಟಳೋ ನಾನು ಕೇಳಲಿಲ್ಲ.

ನಿನ್ನ ಔಷಧಿಗೆ ಕಾದು ಕಾದು ತಡಮಾಡಿದೆ ಎಂದು ನೀನು ಮನಸ್ಸಿಗೆ 	ಹಚ್ಚಿಕೊಳ್ಳಬೇಡ. ನಿನ್ನ ಕಾಗದ ಬರದಿದ್ದರೂ ನಾನು ಸೋಪು ಹಾಕಿ ಆ ಗೆರೆ ತೊಳೆಯುತ್ತಲೇ ಇದ್ದೆ. ಕಾಲಿಲ್ಲದೆ ಉಪ್ಪಿನ ಕೋಣೆಯ ಬಾಗಿಲಲ್ಲಿ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ನಿನ್ನ ಕಾಗದ ನನಗೆ ಒಂದು ನೆಪ. ಇದು ನಿಜ, ನಂಬು.

ಇನ್ನೂ ಒಳ್ಳೆಯ ಸುದ್ದಿಗಳಿವೆ. ನನ್ನನ್ನು ಒಂಟಿ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಂದ ರಸ್ತೆ ಕಾಣಿಸುತ್ತದೆ, ಮಳೆ ಹಿಡಿದಿದೆ, ಜನ ಕೊಡೆ ಹಿಡಿದು ಓಡಾಡುವುದನ್ನು ನೋಡುತ್ತಿರುತ್ತೇನೆ. ಇಲ್ಲಿ ನೋಡಲು ಬರುವವರಿಗೆ ಹೊತ್ತುಗೊತ್ತಿನ ಕಟ್ಟಳೆ ಇಲ್ಲವಂತೆ, ಯಾರು ಯಾವಾಗ ಬೇಕಾದರೂ ಬರಬಹುದಂತೆ. ಇಂಜೆಕ್ಷನ್ನುಗಳನ್ನೆಲ್ಲ ನಿಲ್ಲಿಸಿದರು, ಕೈಗೆ ಆರಾಮ. ದೊಡ್ಡ ಡಾಕ್ಟರು ಈಗ ಗದರುವುದಿಲ್ಲ. ನಿನ್ನೆ ಬಂದವರು ಮಂಚದ ಅಂಚಿಗೆ ಕೂತು, ನನ್ನ ಕೈ ಮೇಲೆ ಕೈ ಇಟ್ಟುಕೊಂಡು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಅತ್ತಿಗೆ ಚೀಟಿಯಲ್ಲಿ ಬರೆಯಲು ಹೋದಳು, ಬೇಡ ಎಂದೆ. ಕೈ ಇಟ್ಟರಲ್ಲ, ಅಷ್ಟು ಸಾಕು.

ಬಾಡಿಗೆದಾರನನ್ನು ಎಸೆಯಬೇಡ. ಅವನು ನಿನ್ನ ಫ್ರೀಜರಿನಲ್ಲೇ ಇರಲಿ. ಹೊಸ ಹಮಾಲಿ ಕಟ್ಟಿದಾಗಲೆಲ್ಲ ಮೊದಲು ಅವನ ಮೇಲೇ ಬಿಡು. ರಕ್ತದ ನಳಿಕೆ ತಿಳಿಯಾಗಿ, ತಟ್ಟೆಯೂ ತಿಳಿಯಾದ ದಿನ ಬೇಕಾದರೆ ಹಳೆಯ ಚೀಟಿಯನ್ನೇ ಅಂಟಿಸಿಕೋ. ಆ ಕನ್ನಡಕದವನಿಗೂ ಹೇಳು, ಎಷ್ಟು ಬೇಕಾದರೂ ಕೂಗಲಿ, ನನಗೇನೂ ಬೇಜಾರಿಲ್ಲ.

ನೋಡು, ಇದರಲ್ಲಿ ಕೆಟ್ಟ ಸುದ್ದಿ ಒಂದೂ ಬರೆದಿಲ್ಲ. ಅಮ್ಮನ ಕಾನೂನನ್ನು ನೀನು ಮುರಿದೆ, ನಾನು ಮುರಿಯುವುದಿಲ್ಲ.

ಇಲ್ಲಿ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿದೆ. ಎದುರಿನ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾರೆ. ಒಮ್ಮೆ ಬಂದು ಹೋಗು.

ಅಣ್ಣ